ಒಂದೇ ಕೈಯಲ್ಲಿ ಇಸ್ಪೀಟು: ರೆನೆ ಲಾವಂದ್ ಪ್ರಕರಣ

ಇಸ್ಪೀಟ್ ಎಲೆ ಹಿಡಿದು ಜಾದು ಮಾಡೋರಲ್ಲಿ ಗುರು ಇಲ್ದೆ ಕಲಿತವ್ರು ಬೇಕಾದಷ್ಟು ಜನ ಇದ್ದಾರೆ. ಪುಸ್ತಕ ಓದ್ತಾರೆ, ವಿಡಿಯೋ ನೋಡ್ತಾರೆ, ಕನ್ನಡಿ ಮುಂದೆ ಕೂತು ಪ್ರಾಕ್ಟೀಸ್ ಮಾಡ್ತಾರೆ. ಅಂದ್ರೆ ಎದುರಿಗೆ ಗುರು ಇಲ್ದಿದ್ರೂ ದಾರಿ ಮಾತ್ರ ಮೊದ್ಲೇ ಯಾರೋ ಹಾಕಿಟ್ಟಿರೋದೇ ಆಗಿರತ್ತೆ. ಅರ್ಜೆಂಟೀನಾದ ರೆನೆ ಲಾವಂದ್ ಅವ್ರ ಕೇಸ್ ಇದಕ್ಕೆ ಸೇರಲ್ಲ. ಅವ್ರಿಗೆ ಒಳ್ಳೆ ಗುರು ಸಿಕ್ಕಿದ್ರೂ ಅರ್ಧ ಪಾಠ ಕೆಲಸಕ್ಕೆ ಬರ್ತಿರ್ಲಿಲ್ಲ, ಯಾಕಂದ್ರೆ ಇದ್ದ ವಿದ್ಯೆ ಎಲ್ಲ ಎರಡು ಕೈ ಇರೋರಿಗೆ ಅಂತ ಕಟ್ಟಿದ್ದು, ಅವ್ರಿಗೆ ಇದ್ದಿದ್ದು ಎಡಗೈ ಒಂದೇ.

ಇವ್ರ ಬಗ್ಗೆ ಬರೆಯೋರು ಸಾಮಾನ್ಯವಾಗಿ "ಕೈ ಕಳ್ಕೊಂಡ್ರೂ ಛಲ ಬಿಡದೆ ಸಾಧಿಸಿದ್ರು" ಅಂತ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ. ಛಲ ಇತ್ತು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಛಲ ಇರೋರೆಲ್ಲ ಜಗತ್ತಿನ ದೊಡ್ಡ ಕಾರ್ಡ್ ಮೆಜೀಶಿಯನ್ ಆಗಲ್ಲ. ಅವ್ರು ಕೂತು ಏನು ಬದಲಾಯಿಸಿದ್ರು, ಯಾವ ರೂಲ್ ಮುರಿದ್ರು, ಬ್ಯಾಂಕ್ ಕೆಲಸದಲ್ಲಿದ್ದ ಮನುಷ್ಯ ವೃತ್ತಿ ಜಾದೂಗಾರ ಆಗೋಕೆ ಯಾವ ಟೈಮ್ ಕೂಡಿಬಂತು ಅನ್ನೋದನ್ನ ಬಿಡಿಸಿ ನೋಡಿದ್ರೇನೇ ಈ ಕೇಸಿನ ತೂಕ ಗೊತ್ತಾಗೋದು ಅಂತ ನನ್ನ ಅಭಿಪ್ರಾಯ.

ಹುಟ್ಟಿದ್ದು 1928ರ ಸೆಪ್ಟೆಂಬರ್ 24, ಬ್ಯೂನಸ್ ಐರಿಸ್‌ನಲ್ಲಿ. ಪೂರ್ತಿ ಹೆಸರು ಎಕ್ತೊರ್ ರೆನೆ ಲಾವಂದೇರಾ, ಸ್ಟೇಜಿಗೆ ಬಂದ್ಮೇಲೆ ಅದನ್ನ ರೆನೆ ಲಾವಂದ್ ಅಂತ ಚಿಕ್ಕದು ಮಾಡ್ಕೊಂಡ್ರು. ಏಳು ವರ್ಷದ ಹುಡುಗ ಇದ್ದಾಗ ಚಾಂಗ್ ಅನ್ನೋ ಜಾದೂಗಾರನ ಶೋ ನೋಡಿದ್ರು, ಚೀನೀ ವೇಷ ಹಾಕ್ಕೊಂಡು ದೊಡ್ಡ ಸ್ಟೇಜ್ ಮೇಲೆ ಭರ್ಜರಿಯಾಗಿ ಶೋ ಕೊಡ್ತಿದ್ದವ್ರು ಅವ್ರು, ಲ್ಯಾಟಿನ್ ಅಮೆರಿಕದಲ್ಲಿ ಆಗ ಭಾರೀ ಹೆಸರು. ಅಲ್ಲಿಂದ ಹುಡುಗನಿಗೆ ಹುಚ್ಚು ಹಿಡೀತು, ಮನೆಯವ್ರಿಗೆ ಪರಿಚಯ ಇದ್ದ ಒಬ್ರು ಒಂದು ಇಸ್ಪೀಟ್ ಟ್ರಿಕ್ ಹೇಳ್ಕೊಟ್ರು. ಒಂಬತ್ತನೇ ವಯಸ್ಸಲ್ಲಿ ಕೊರೊನೆಲ್ ಸುವಾರೆಸ್ ಅನ್ನೋ ಊರಲ್ಲಿ, ಕಾರ್ನಿವಲ್ ಸಮಯದಲ್ಲಿ, ಬೀದಿಯಲ್ಲಿ ಕಾರು ಹರಿದು ಬಲಗೈ ಹೋಯ್ತು. ಮೊಣಕೈ ಉಳೀತು, ಅದರ ಕೆಳಗೆ ಸ್ವಲ್ಪ ಭಾಗ ಉಳೀತು, ಅಷ್ಟೇ. ಹುಡುಗ ಬಲಗೈ ರೂಢಿಯವ್ನು ಅನ್ನೋದನ್ನ ಇಲ್ಲಿ ಮರೀಬಾರ್ದು. ಅಂದ್ರೆ ಇದ್ದ ಎರಡರಲ್ಲಿ ಒಂದು ಹೋಗಿದ್ದಷ್ಟೇ ಅಲ್ಲ, ಪಳಗಿದ್ದ ಕೈ ಹೋಗಿ ಪಳಗದೆ ಇದ್ದ ಕೈ ಉಳಿದಿತ್ತು. ಬರೆಯೋದು, ಗುಂಡಿ ಹಾಕ್ಕೊಳ್ಳೋದು, ಊಟ ಎಲ್ಲವನ್ನೂ ಎಡಗೈಗೆ ಹೊಸದಾಗಿ ಕಲಿಸ್ಬೇಕಾಗಿ ಬಂತು, ಇಸ್ಪೀಟು ಅದರ ಜೊತೆಜೊತೆಗೇ ಬಂತು.

ಈಗ ಸಮಸ್ಯೆ ಏನು ಅನ್ನೋದನ್ನ ಸ್ವಲ್ಪ ಹತ್ರ ಹೋಗಿ ನೋಡೋಣ, ಯಾಕಂದ್ರೆ ಇಲ್ಲೇ ಇರೋದು ಎಲ್ಲ.

ಇಸ್ಪೀಟಿನ ಒಂದು ಎಲೆ ಹೆಚ್ಚುಕಡಿಮೆ 6.3 ಸೆಂಟಿಮೀಟರ್ ಅಗಲ, 8.9 ಸೆಂಟಿಮೀಟರ್ ಉದ್ದ. ಇಂಥ 52 ಎಲೆ ಇರೋ ಕಟ್ಟನ್ನ ಬಲಗೈ ರೂಢಿ ಇರೋರು ಎಡಗೈಯಲ್ಲಿ ಹಿಡೀತಾರೆ. ತೋರುಬೆರಳು ಮುಂದಿನ ಅಂಚಿಗೆ ಆನ್ಕೊಂಡಿರತ್ತೆ, ಉಳಿದ ಮೂರು ಬೆರಳು ಪಕ್ಕದ ಅಂಚನ್ನ ಕಾಯ್ತಿರತ್ತೆ, ಹೆಬ್ಬೆರಳು ಮೇಲೆ ಇರತ್ತೆ, ಬೇಕಾದಾಗ ಮೇಲಿನ ಎಲೆಯನ್ನ ಪಕ್ಕಕ್ಕೆ ಜಾರಿಸತ್ತೆ. ಜಾರಿಸಿದ ಎಲೆಯನ್ನ ತಗೊಳೋದು ಬಲಗೈ. ಕಲೆಸೋದಕ್ಕೆ ಬಲಗೈ ಬೇಕು, ಕಟ್ಟು ಒಡೆಯೋಕೆ ಬಲಗೈ ಬೇಕು, ಎಲೆ ತಿರುಗಿಸಿ ತೋರಿಸೋಕೆ ಬಲಗೈ ಬೇಕು. ಇದು ಕಣ್ಣಿಗೆ ಕಾಣೋ ಭಾಗ. ಕಾಣದೆ ಇರೋ ಭಾಗದಲ್ಲಿ ಎರಡನೇ ಕೈಯ ಕೆಲಸ ಇನ್ನೂ ಜಾಸ್ತಿ. ಒಂದು ಕೈಯಲ್ಲಿ ಕಳ್ಳ ಕೆಲಸ ನಡೀವಾಗ ಇನ್ನೊಂದು ಕೈ ಅದಕ್ಕೆ ಮರೆ ಆಗತ್ತೆ, ಇಲ್ಲಾಂದ್ರೆ ಬೇರೆ ಕಡೆ ಏನೋ ತೋರಿಸಿ ಕಣ್ಣು ಸೆಳ್ಕೊಂಡು ಹೋಗತ್ತೆ, ಇಲ್ಲಾಂದ್ರೆ "ಈ ಕೈ ಯಾಕೆ ಅಲ್ಲಿಗೆ ಹೋಯ್ತು" ಅನ್ನೋದಕ್ಕೆ ಒಂದು ನೆಪ ಕೊಡತ್ತೆ. ದೊಡ್ಡ ಚಲನೆ ಸಣ್ಣ ಚಲನೆಯನ್ನ ಮುಚ್ಚತ್ತೆ ಅನ್ನೋದು ಕೈಚಳಕದ ಮೊದಲ ಪಾಠ, ಆ ದೊಡ್ಡ ಚಲನೆ ಮಾಡೋದು ಬಹುಪಾಲು ಇನ್ನೊಂದು ಕೈ.

1902ರಲ್ಲಿ ಶಿಕಾಗೋದಲ್ಲಿ ಎಸ್. ಡಬ್ಲ್ಯೂ. ಅರ್ಡ್ನೇಸ್ ಅನ್ನೋ ಹೆಸರಲ್ಲಿ ಒಂದು ಪುಸ್ತಕ ಬಂತು, ಇವತ್ತಿಗೂ ಇಸ್ಪೀಟ್ ಕೈಚಳಕದವ್ರು ಅದನ್ನೇ ಮೂಲಗ್ರಂಥ ಅಂತ ನೋಡ್ತಾರೆ. ಅದ್ರಲ್ಲಿರೋ ಬಹುಪಾಲು ತಂತ್ರ, ಅದರ ಚಿತ್ರಗಳು, ಎಲ್ಲ ಎರಡು ಕೈಯಿಂದೇ. ಒಂದು ಕೈಲಿ ಮಾಡೋ ಕೆಲಸಗಳು ಅಲ್ಲೊಂದು ಇಲ್ಲೊಂದು ಸಿಗತ್ತೆ, ಉದಾಹರಣೆಗೆ ಹೊಸಬರು ಮೊದಲು ಕಲಿಯೋ ಶಾರ್ಲಿಯೇ ಕಟ್, ಕಟ್ಟನ್ನ ಬೆರಳ ತುದಿಯಲ್ಲಿ ಹಿಡಿದು ಅರ್ಧ ಕೆಳಗೆ ಬೀಳಿಸಿ ತೋರುಬೆರಳಿಂದ ಅದನ್ನ ತಳ್ಳಿ ಮೇಲೆ ಕೆಳಗೆ ಅದಲುಬದಲು ಮಾಡೋದು. ಆದ್ರೆ ಅದು ಎರಡು ಕೈ ಇರೋರ ಶೋಕಿ, ಅದೊಂದರಿಂದ ಪೂರ್ತಿ ಪ್ರೋಗ್ರಾಂ ಕಟ್ಟೋಕಾಗಲ್ಲ.

ಹಾಗಾಗಿ ಲಾವಂದ್ ಮಾಡಬೇಕಾಗಿದ್ದ ಕೆಲಸ ಕಲಿಯೋದಕ್ಕಿಂತ ಹಿಂದಿನ ಹಂತದ್ದು. ಪ್ರತಿ ಟ್ರಿಕ್ಕಿಗೂ ನೋಡೋರಿಗೆ ಕೊನೆಗೆ ಏನು ಕಾಣ್ಬೇಕು ಅನ್ನೋದನ್ನ ಇಟ್ಕೊಂಡು, ಅಲ್ಲಿಂದ ಹಿಂದಕ್ಕೆ ಬಂದು, ಐದು ಬೆರಳಲ್ಲಿ ಅದು ಹೆಂಗೆ ಸಾಧ್ಯ ಅಂತ ಹೊಸದಾಗಿ ಹುಡುಕೋದು. ಎಡಗೈ ಕಟ್ಟು ಹಿಡಿದಿದ್ರೆ ಎಲೆ ತಗೊಳೋಕೆ ಯಾರೂ ಇಲ್ಲ, ಆಗ ಎಲೆಯನ್ನ ಇಡಬೇಕಾಗಿದ್ದು ಟೇಬಲ್ ಮೇಲೆ. ಅವ್ರ ಪ್ರದರ್ಶನದಲ್ಲಿ ಟೇಬಲ್ಲೇ ಎರಡನೇ ಕೈ. ಎಲೆ ಹೆಬ್ಬೆರಳಿಂದ ಜಾರಿ ಟೇಬಲ್ ಮೇಲೆ ಬೀಳತ್ತೆ, ಕಟ್ಟು ಒಂದು ಕಡೆ ಇಳಿಯತ್ತೆ, ಅದೇ ಕೈ ಬಿದ್ದ ಎಲೆಯನ್ನ ಎತ್ತತ್ತೆ, ತೋರಿಸತ್ತೆ, ಮತ್ತೆ ಇಡತ್ತೆ. ಕಲೆಸೋದೂ ಒಂದೇ ಕೈಯಲ್ಲಿ. ಇಷ್ಟಾದ್ಮೇಲೆ ಗುಟ್ಟಿನ ಕೆಲಸಕ್ಕೆ ಮರೆ ಎಲ್ಲಿಂದ ತರೋದು? ಆ ಕೈಯನ್ನ ಮುಚ್ಚೋಕೆ ಇನ್ನೊಂದು ಕೈ ಬರಲ್ಲ, ಸ್ಟೇಜ್ ಮೇಲೆ ಕಣ್ಣಿಡೋಕೆ ಇರೋದೇ ಒಂದು ಕೈ, ಆಡಿಯನ್ಸ್ ಪೂರ್ತಿ ಅದನ್ನೇ ದುರುಗುಟ್ಟಿಕೊಂಡು ನೋಡ್ತಿರ್ತಾರೆ.

ಬೇರೆಯವ್ರ ತಂತ್ರ ನಕಲು ಮಾಡೋಕೆ ಆಗದೆ ಇದ್ದಿದ್ದೇ ಅವ್ರಿಗೆ ಕೊನೆಗೆ ತಮ್ಮದೇ ಒಂದು ಶೈಲಿ ಕೊಡ್ತು, ಆದ್ರೆ ಅದು ತಕ್ಷಣ ಆಗ್ಲಿಲ್ಲ, ಹದಿನಾಲ್ಕನೇ ವಯಸ್ಸಿನ ಹೊತ್ತಿಗೆ ಮನೆಯವ್ರು ಬ್ಯೂನಸ್ ಐರಿಸ್ ಪ್ರಾಂತ್ಯದ ತಾಂದಿಲ್‌ಗೆ ಬಂದು ನೆಲೆ ನಿಂತ್ರು, ಬೆಟ್ಟಗಳ ನಡುವಿನ ಊರು ಅದು, ಅಲ್ಲೇ ಬೆಳೆದು ಅಲ್ಲೇ ಒಂದು ಬ್ಯಾಂಕಲ್ಲಿ ಕೆಲಸಕ್ಕೆ ಸೇರಿ ಸುಮಾರು ಹತ್ತು ವರ್ಷ ಅದೇ ಕೆಲಸ ಮಾಡಿದ್ರು. ಹಗಲು ಬ್ಯಾಂಕ್, ಉಳಿದ ಹೊತ್ತು ಎಲೆ.

ಈ ಬ್ಯಾಂಕಿನ ವರ್ಷಗಳ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ, ಆದ್ರೆ ಈ ಕೇಸಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಅದೇ. ತಿಂಗಳ ಸಂಬಳ ಬರ್ತಿದ್ರಿಂದ ಅರೆಬೆಂದ ಪ್ರೋಗ್ರಾಂ ತಗೊಂಡು ಯಾರ ಮುಂದೂ ನಿಲ್ಲೋ ಅನಿವಾರ್ಯ ಇರ್ಲಿಲ್ಲ. ವೃತ್ತಿಯಾಗಿ ಜಾದು ಮಾಡೋರಿಗೆ ಒಂದು ಒತ್ತಡ ಇರತ್ತೆ, ಈ ವಾರದ ಶೋಗೆ ಏನಾದ್ರೂ ಹೊಸದು ಬೇಕು ಅಂತ, ಆಗ ಯಾರದೋ ಸಿದ್ಧ ಟ್ರಿಕ್ ತಂದು ಹಾಕ್ಬಿಡ್ತಾರೆ. ಸಿದ್ಧ ಟ್ರಿಕ್ ಅನ್ನೋದೇ ಇಲ್ಲದೆ ಎಲ್ಲವನ್ನೂ ತಾನೇ ಕಟ್ಟಬೇಕಾದ ಮನುಷ್ಯನಿಗೆ ಟೈಮ್ ಬೇಕಿತ್ತು, ಆ ಟೈಮನ್ನ ಬ್ಯಾಂಕು ಕೊಟ್ಟಿತು. ಇವತ್ತು ಕೆಲಸ ಬಿಟ್ಟು ಕಲೆಗೆ ಧುಮುಕಿ ಅಂತ ಹೇಳೋರು ಇದ್ದಾರೆ, ಲಾವಂದ್ ಧುಮುಕಿದ್ದು ನಿಜ, ಆದ್ರೆ 32ನೇ ವಯಸ್ಸಲ್ಲಿ, ಕೈಯಲ್ಲಿ ಪೂರ್ತಿ ತಯಾರಾದ ಸರಕು ಇಟ್ಕೊಂಡು.

1960ರಲ್ಲಿ ಒಂದು ಸ್ಪರ್ಧೆಯಲ್ಲಿ ಕೈಚಳಕದ ವಿಭಾಗದಲ್ಲಿ ಗೆದ್ರು. ಅದಾದ್ಮೇಲೆ ಬ್ಯಾಂಕ್ ಬಿಟ್ಟು ವೃತ್ತಿಗೆ ಇಳಿದ್ರು, ರಾಜಧಾನಿಯ ತಬಾರಿಸ್, ನಾಸಿಯೊನಲ್ ಥಿಯೇಟರ್‌ಗಳಲ್ಲಿ ಕಾಣಿಸ್ಕೊಂಡ್ರು, ಟಿವಿಗೂ ಬಂದ್ರು. ಈ ವರ್ಷ ಯಾವ್ದು ಅನ್ನೋದನ್ನ ಗಮನಿಸ್ಬೇಕು. ಅರ್ಜೆಂಟೀನಾದಲ್ಲಿ ಟಿವಿ ಶುರುವಾಗಿದ್ದು 1951ರಲ್ಲಿ, ಆದ್ರೆ ಮೊದಲ ಸುಮಾರು ಒಂಬತ್ತು ವರ್ಷ ಬ್ಯೂನಸ್ ಐರಿಸ್‌ನಲ್ಲಿ ಇದ್ದಿದ್ದು ಒಂದೇ ಸರ್ಕಾರಿ ಚಾನೆಲ್. 1960ರ ಜೂನ್‌ನಲ್ಲಿ ಚಾನೆಲ್ 9, ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾನೆಲ್ 13, ಮುಂದಿನ ವರ್ಷ ಚಾನೆಲ್ 11 ಹೀಗೆ ಖಾಸಗಿಯವ್ರು ಒಬ್ಬರ ಹಿಂದೆ ಒಬ್ರು ಬಂದ್ರು. ಅಷ್ಟೂ ಚಾನೆಲ್ಲಿಗೆ ಪ್ರತಿ ದಿನ ಏನಾದ್ರೂ ತೋರಿಸೋಕೆ ಬೇಕು. ಇಸ್ಪೀಟ್ ಜಾದೂಗೆ ಇದು ಬರೀ ಇನ್ನೊಂದು ವೇದಿಕೆ ಸಿಕ್ಕಿದ ಹಾಗೆ ಅಲ್ಲ. ದೊಡ್ಡ ಥಿಯೇಟರ್‌ನಲ್ಲಿ ಇಪ್ಪತ್ತನೇ ಸಾಲಲ್ಲಿ ಕೂತವ್ರಿಗೆ ಎಲೆ ಆಠೀನೋ ಡೈಮನ್ನೋ ಕಾಣಲ್ಲ, ಅದಕ್ಕೇ ಹಳೇ ಕಾಲದ ಸ್ಟಾರ್ ಜಾದೂಗಾರರು ಪೆಟ್ಟಿಗೆ, ಗರಗಸ, ಆನೆ ಅಂತ ದೊಡ್ಡ ದೊಡ್ಡ ವಸ್ತುಗಳ ಹಿಂದೆ ಹೋಗ್ತಿದ್ದಿದ್ದು. ಕ್ಯಾಮೆರಾ ಬಂದ್ಮೇಲೆ ಒಂದು ಕೈ, ಆರು ಎಲೆ ಇಡೀ ಪರದೆ ತುಂಬೋಕೆ ಸಾಕಾಯ್ತು. ತಾಂದಿಲ್‌ನಲ್ಲಿ ವರ್ಷಗಟ್ಟಲೆ ಟೇಬಲ್ ಮುಂದೆ ಕೂತು ತಯಾರಿ ಮಾಡಿದ ಮನುಷ್ಯ ಸರಿಯಾದ ಹೊತ್ತಿಗೇ ಹೊರಗೆ ಬಂದ್ರು ಅಂತ ನಾನು ಓದ್ಕೊಳ್ತೀನಿ. ಅದೃಷ್ಟದ ಪಾಲು ಇದ್ರಲ್ಲಿ ಇದೆ, ಅದನ್ನ ಹೇಳಿದ್ರೆ ಅವ್ರ ದುಡಿಮೆ ಕಡಿಮೆ ಆಗಲ್ಲ.

1961ರಲ್ಲಿ ಅಮೆರಿಕಕ್ಕೆ ಹೋದ್ರು, ಎಡ್ ಸುಲ್ಲಿವನ್ ಶೋನಲ್ಲಿ ಕಾಣಿಸ್ಕೊಂಡ್ರು. ಭಾನುವಾರ ರಾತ್ರಿ ದೇಶಕ್ಕೆ ದೇಶವೇ ಕೂತು ನೋಡ್ತಿದ್ದ ಕಾರ್ಯಕ್ರಮ ಅದು. ಮುಂದೆ ಜಾನಿ ಕಾರ್ಸನ್ ಅವ್ರ ಶೋಗೂ ಹೋದ್ರು, ಕಾರ್ಸನ್ ಹುಡುಗರಾಗಿದ್ದಾಗ ತಾವೇ ಜಾದು ಮಾಡ್ತಿದ್ದವ್ರು, ಹಾಗಾಗಿ ಎದುರಿಗೆ ಕೂತವ್ರು ಏನು ಮಾಡ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಿರೋ ಆಸಾಮಿ. 1963ರಲ್ಲಿ ಹಾಲಿವುಡ್‌ನಲ್ಲಿ ಶುರುವಾದ ಮ್ಯಾಜಿಕ್ ಕ್ಯಾಸಲ್, ಜಾದೂಗಾರರೇ ಬಂದು ಸೇರೋ ಜಾಗ, ಅಲ್ಲೂ ಲಾವಂದ್ ಪ್ರದರ್ಶನ ಕೊಟ್ರು. ಸಾಮಾನ್ಯ ಆಡಿಯನ್ಸನ್ನ ಮೆಚ್ಚಿಸೋದು ಒಂದು, ಗುಟ್ಟು ಗೊತ್ತಿರೋರ ಮುಂದೆ ಕೂತು ಅವ್ರನ್ನ ಬಾಯಿ ಬಿಡ್ಕೊಂಡು ನೋಡೋ ಹಾಗೆ ಮಾಡೋದು ಇನ್ನೊಂದು, ಲಾವಂದ್ ಎರಡನ್ನೂ ಮಾಡಿದ್ರು.

ಈಗ ಅವ್ರ ಹೆಸರಿನ ಜೊತೆ ಅಂಟಿಕೊಂಡಿರೋ ಟ್ರಿಕ್ಕಿಗೆ ಬರೋಣ, ನೀರು ಮತ್ತು ಎಣ್ಣೆ. ಇದು ಅವ್ರು ಹುಟ್ಟುಹಾಕಿದ್ದಲ್ಲ, ಆ ಕಲ್ಪನೆ ಮೊದ್ಲೇ ಇತ್ತು, ಶಿಕಾಗೋದ ಎಡ್ವರ್ಡ್ ಮಾರ್ಲೊ 1950ರ ದಶಕದಲ್ಲಿ ಆ ಹೆಸರನ್ನ ಚಾಲ್ತಿಗೆ ತಂದಿದ್ರು. ಮೂರು ಕೆಂಪು ಎಲೆ, ಮೂರು ಕಪ್ಪು ಎಲೆ. ಒಂದು ಕೆಂಪು, ಒಂದು ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು ಅಂತ ಬೆರೆಸಿ ಇಡೋದು. ನೀರು ಎಣ್ಣೆ ಬೆರೆಯಲ್ವಲ್ಲ, ಹಾಗೆ ಎಲೆಗಳೂ ಬೇರೆ ಆಗ್ಬಿಡತ್ತೆ, ತಿರುಗಿಸಿ ನೋಡಿದ್ರೆ ಕೆಂಪೆಲ್ಲ ಒಂದು ಕಡೆ ಕಪ್ಪೆಲ್ಲ ಒಂದು ಕಡೆ. ಇಷ್ಟೇ ಟ್ರಿಕ್. ಎರಡು ಕೈ ಇರೋರು ಇದನ್ನ ಚಕಚಕ ಅಂತ ಮಾಡಿ ಮುಗಿಸ್ತಾರೆ.

ಲಾವಂದ್ ಇದನ್ನ ಒಂದ್ಸಲ ಮಾಡ್ತಾರೆ, ಬೇರೆ ಆಗತ್ತೆ. ಮತ್ತೆ ಮಾಡ್ತಾರೆ, ಈ ಸಲ ಇನ್ನೂ ನಿಧಾನ. ಒಂದು ಎಲೆ ಟೇಬಲ್ ಮೇಲೆ ಇಟ್ಟು ಕೈ ಹಿಂದಕ್ಕೆ ಎಳ್ಕೊಂಡು ನಿಮ್ಮ ಮುಖ ನೋಡ್ತಾರೆ, ನೀವು ಆ ಎಲೆ ಕೆಂಪು ಅಂತ ಮನಸಲ್ಲಿ ಬರ್ಕೊಳೋ ತನಕ ಕಾಯ್ತಾರೆ, ಆಮೇಲೆ ಇನ್ನೊಂದು. ಆಗ್ಲೂ ಬೇರೆ ಆಗತ್ತೆ. ಆಮೇಲೆ ಆ ಮಾತು, ಸ್ಪ್ಯಾನಿಶ್ ಮಾತಾಡೋ ದೇಶಗಳಲ್ಲಿ ಜಾದು ಗೊತ್ತಿಲ್ಲದವ್ರಿಗೂ ಗೊತ್ತಿರೋ ಮಾತು: "ಇದಕ್ಕಿಂತ ನಿಧಾನವಾಗಿ ಮಾಡೋಕಾಗಲ್ಲ." ಒಂದು ಕ್ಷಣ ಬಿಟ್ಟು, "ಇಲ್ಲ, ಬಹುಶಃ ಆಗತ್ತೇನೋ." ಮತ್ತೆ ಶುರು, ಅದಕ್ಕಿಂತ ನಿಧಾನವಾಗಿ.

ಜಾದು ಕಲಿಯೋಕೆ ಬಂದವ್ರಿಗೆಲ್ಲ ಮೊದ್ಲೇ ಹೇಳೋ ಎರಡು ರೂಲ್ ಇದೆ. ಮುಂದೆ ಏನಾಗತ್ತೆ ಅಂತ ಮೊದ್ಲೇ ಹೇಳ್ಬೇಡ, ಒಂದು ಟ್ರಿಕ್ಕನ್ನ ಅದೇ ಜನರ ಮುಂದೆ ಇನ್ನೊಂದ್ಸಲ ಮಾಡ್ಬೇಡ. ಕಾರಣ ಸರಳ, ಎರಡನೇ ಸಲ ನೋಡೋರಿಗೆ ಎಲ್ಲಿ ನೋಡ್ಬೇಕು ಅಂತ ಗೊತ್ತಿರತ್ತೆ. ಲಾವಂದ್ ಎರಡನ್ನೂ ಒಟ್ಟಿಗೆ ಮುರಿದ್ರು. ಏನಾಗತ್ತೆ ಅಂತ ಟ್ರಿಕ್ಕಿನ ಹೆಸರಲ್ಲೇ ಇದೆ, ಅದನ್ನೇ ಮತ್ತೆ ಮತ್ತೆ ಮಾಡ್ತಾರೆ, ಜೊತೆಗೆ ಕೈಚಳಕದವ್ರು ನೆಚ್ಕೊಂಡಿರೋ ವೇಗವನ್ನೂ ಬಿಟ್ಟುಕೊಡ್ತಾರೆ. ಹೊರಗಿಂದ ನೋಡಿದ್ರೆ ಇದು ಆತ್ಮಹತ್ಯೆ ಅನ್ಸತ್ತೆ. ಆದ್ರೆ ಅವ್ರ ಪರಿಸ್ಥಿತಿಯಲ್ಲಿ ನಿಂತು ಯೋಚಿಸಿದ್ರೆ ಬೇರೆ ದಾರಿನೇ ಇರ್ಲಿಲ್ಲ ಅಂತ ಗೊತ್ತಾಗತ್ತೆ. ಒಂದು ಕೈಯಲ್ಲಿ ಎರಡು ಕೈಯಷ್ಟು ವೇಗವಾಗಿ ಮಾಡೋಕೆ ಹೊರಟ್ರೆ, ಎಷ್ಟೇ ಚೆನ್ನಾಗಿ ಮಾಡಿದ್ರೂ ಅವ್ರು ಎರಡು ಕೈಯವ್ರಿಗಿಂತ ಒಂದು ಹೆಜ್ಜೆ ಹಿಂದೆ. ನಿಧಾನದ ಮೈದಾನದಲ್ಲಿ ಬೇರೆ ಯಾರೂ ಇರ್ಲಿಲ್ಲ.

ಆ ನಿಧಾನ ಯಾಕೆ ಕೆಲಸ ಮಾಡತ್ತೆ ಅಂದ್ರೆ, ಕೈ ಸರಕ್ಕಂತ ಓಡಿದ್ರೆ ನೋಡೋನಿಗೆ ಒಂದು ಸಮಾಧಾನ ಸಿಕ್ಕಿಬಿಡತ್ತೆ, "ಎಲ್ಲೋ ಮಾಡ್ದ, ಸ್ಪೀಡ್ ಇತ್ತು, ನನಗೆ ಕಾಣ್ಲಿಲ್ಲ" ಅಂತ. ಗುಟ್ಟು ಗೊತ್ತಾಗ್ಲಿಲ್ಲ ಅಂದ್ರೂ ಕಾರಣ ಸಿಕ್ಕಿತು, ಒಗಟು ಅಲ್ಲಿಗೆ ಮುಗೀತು. ಲಾವಂದ್ ಆ ಸಮಾಧಾನವನ್ನ ಕಿತ್ಕೊಂಡ್ರು. ಪ್ರತಿ ಎಲೆಯೂ ನಿಮ್ಮ ಕಣ್ಣೆದುರೇ ಬಿತ್ತು, ನೀವೇ ನೋಡಿದ್ರಿ, ನೀವೇ ಮನಸಲ್ಲಿ ಎಣಿಸಿದ್ರಿ, ಆದ್ರೂ ಆಯ್ತು. ಇನ್ನೊಂದು ಕೈ ಏನೋ ಮಾಡ್ತು ಅನ್ನೋಕೆ ಇನ್ನೊಂದು ಕೈನೇ ಇಲ್ಲ. ನೋಡೋನು ಸಾಮಾನ್ಯವಾಗಿ ಹಿಡ್ಕೊಳೋ ಎರಡೂ ನೆಪ, ಸ್ಪೀಡು ಮತ್ತು ಮರೆ, ಎರಡೂ ಹೋಯ್ತು. ಮರೆ ಅನ್ನೋದನ್ನ ಜಾಗದಲ್ಲಿ ಇಡೋಕಾಗದವ್ರು ಅದನ್ನ ಕಾಲದಲ್ಲಿ ಇಟ್ರು. ನೋಡೋರ ಗಮನ ಒಂದೇ ಸಮ ಇರಲ್ಲ, ಏರತ್ತೆ ಇಳಿಯತ್ತೆ, ಒಂದು ಮಾತು ಮುಗಿದಾಗ, ನಕ್ಕಾಗ, ಆಶ್ಚರ್ಯ ಆಗಿ ಪಕ್ಕದವ್ರ ಕಡೆ ತಿರುಗಿದಾಗ ಸಡಿಲ ಆಗತ್ತೆ. ಕೈ ಎಷ್ಟೇ ನಿಧಾನ ಇದ್ರೂ ಆ ಸಡಿಲದ ಗಳಿಗೆ ಯಾವ್ದು ಅಂತ ಗೊತ್ತಿದ್ದವ್ನಿಗೆ ಕೆಲಸ ಮಾಡೋಕೆ ಜಾಗ ಸಿಗತ್ತೆ.

ಆ ಗಳಿಗೆಗಳನ್ನ ತಯಾರು ಮಾಡ್ತಿದ್ದಿದ್ದು ಮಾತು. ಲಾವಂದ್ ಪ್ರದರ್ಶನ ಅಂದ್ರೆ ಅರ್ಧ ಕಥೆ ಹೇಳೋದು. ಹಳೇ ಜೂಜುಕೋರರ ಕಥೆ, ಕವಿತೆ, ದಾರಿಯಲ್ಲಿ ಸಿಕ್ಕ ಮನುಷ್ಯರ ಕಥೆ, ಕೆಲವನ್ನ ರೊಲಾಂದೊ ಚಿರಿಕೊ, ರಿಕಾರ್ದೊ ಮಾರ್ತಿನ್ ಅನ್ನೋ ಗೆಳೆಯರು ಬರ್ದುಕೊಟ್ಟಿದ್ರು. ಗಂಭೀರವಾದ ದನಿ, ಅವಸರ ಅನ್ನೋದೇ ಇಲ್ಲ. ಬೇರೆ ಜಾದೂಗಾರರ ಮಾತು ಬಹಳ ಸಲ ಟ್ರಿಕ್ಕಿಗೆ ಹಚ್ಚಿದ ಬಣ್ಣದ ಹಾಗೆ ಇರತ್ತೆ, ತೆಗೆದ್ರೂ ನಡಿಯತ್ತೆ. ಇವ್ರದ್ರಲ್ಲಿ ಮಾತು ತೆಗೆದ್ರೆ ಟ್ರಿಕ್ ಅರ್ಧ ಕುಸಿಯತ್ತೆ, ಯಾಕಂದ್ರೆ ಯಾವಾಗ ಯಾವ ಎಲೆ ಇಡ್ಬೇಕು ಅನ್ನೋದು ವಾಕ್ಯ ಎಲ್ಲಿ ನಿಲ್ಲತ್ತೆ ಅನ್ನೋದ್ರ ಮೇಲೆ ನಿಂತಿದೆ.

ಇನ್ನೊಂದು ನಿರ್ಧಾರದ ಬಗ್ಗೆ ಹೇಳ್ಲೇಬೇಕು. ಕೈ ಇಲ್ಲದ ಜಾದೂಗಾರ ಅಂದ್ರೆ ಜನ ಮೊದಲು ಬರೋದು ಅಯ್ಯೋ ಪಾಪ ಅನ್ನೋಕೆ, ಇಲ್ಲಾಂದ್ರೆ ಕುತೂಹಲಕ್ಕೆ. ಆ ಕುತೂಹಲವನ್ನೇ ಮಾರ್ಕೊಂಡು ಒಂದೆರಡು ವರ್ಷ ದುಡ್ಡು ಮಾಡ್ಬಹುದಿತ್ತು, ಆದ್ರೆ ಅಂಥ ಆಕ್ಟಿಗೆ ಒಂದೇ ಸಲ ಟಿಕೆಟ್ ತಗೊಳ್ತಾರೆ, ನೋಡಿ ಆಯ್ತಲ್ಲ ಅಂತ ಎರಡನೇ ಸಲ ಬರಲ್ಲ. ಲಾವಂದ್ ಒಳ್ಳೆ ಸೂಟ್ ಹಾಕ್ಕೊಂಡು ಬರ್ತಿದ್ರು, ಬಲಗೈ ತೋಳು ಕೋಟಿನ ಜೇಬೊಳಗೆ. ನಿಂತ ಭಂಗಿ ಹೆಂಗಿತ್ತು ಅಂದ್ರೆ ಗೊತ್ತಿಲ್ದೆ ಇರೋರು ಇದೂ ಒಂದು ಸ್ಟೈಲ್ ಅಂದ್ಕೊಳ್ಳೋ ಹಾಗೆ. ಟ್ರಿಕ್ಕು ಕೂಡ ಎಂಥದ್ದು ಆರಿಸ್ಕೊಂಡ್ರು ಅಂದ್ರೆ, ನೋಡ್ತಾ ನೋಡ್ತಾ ಎರಡು ನಿಮಿಷದಲ್ಲಿ ಒಂದು ಕೈ ಅನ್ನೋದು ಮರೆತುಹೋಗ್ಬೇಕು, ಎಲೆ ಹೆಂಗೆ ಬೇರೆ ಆಯ್ತು ಅನ್ನೋದೇ ತಲೆ ತಿನ್ಬೇಕು. ವೃತ್ತಿಯಲ್ಲಿ ಅವ್ರು ಐವತ್ತು ವರ್ಷಕ್ಕಿಂತ ಜಾಸ್ತಿ ನಿಂತಿದ್ದಕ್ಕೆ ನಾನು ಕೊಡೋ ಮೊದಲ ಕಾರಣ ಇದೇ.

ಇಸ್ಪೀಟ್ ಬಿಟ್ಟು ಅವ್ರು ಮಾಡ್ತಿದ್ದ ಇನ್ನೊಂದು ಐಟಂ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗತ್ತೆ. ಒಂದು ಕಪ್, ಬ್ರೆಡ್ಡಿನ ಮೂರು ಸಣ್ಣ ಚೂರು. ಚೂರುಗಳನ್ನ ಒಂದೊಂದಾಗಿ ಕಪ್ಪಿಗೆ ಹಾಕ್ತಾರೆ, ಒಂದನ್ನ ಎಸೆದುಬಿಡ್ತಾರೆ, ಕಪ್ಪಿಂದ ಸುರಿದ್ರೆ ಮತ್ತೆ ಮೂರು. ಮತ್ತೆ ಎಸೀತಾರೆ, ಮತ್ತೆ ಮೂರು. ಕಪ್ ಮತ್ತು ಚೆಂಡಿನ ಆಟ ಜಗತ್ತಿನಲ್ಲಿ ತುಂಬಾ ಹಳೇದು, ಮೂರು ಕಪ್, ಚೆಂಡು, ಕೋಲು ಅಂತ ದೊಡ್ಡ ಸಲಕರಣೆ ಇಟ್ಕೊಂಡು ಮಾಡ್ತಾರೆ. ಇವ್ರು ಅದನ್ನ ಊಟದ ಟೇಬಲ್ ಮೇಲೆ ಯಾರ ಮನೆಯಲ್ಲಾದ್ರೂ ಸಿಗೋ ವಸ್ತುವಿಗೆ ಇಳಿಸಿದ್ರು. ಸಲಕರಣೆ ಕಮ್ಮಿ ಆದಷ್ಟೂ ಅನುಮಾನ ಪಡೋಕೆ ಜಾಗ ಕಮ್ಮಿ. ಅವ್ರ ಇಡೀ ಕೆಲಸದಲ್ಲಿ ಕೂಡಿಸೋದಕ್ಕಿಂತ ಕಳೆಯೋದೇ ಜಾಸ್ತಿ.

ಹೋಲಿಕೆಗೆ ಈ ಕಾಲದ ಒಂದು ಹೆಸರು ಹೇಳ್ಬೇಕು ಅಂದ್ರೆ ಶಿನ್ ಲಿಮ್. 1991ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದವ್ರು, ಯೂಟ್ಯೂಬ್ ವಿಡಿಯೋ ನೋಡಿ ಕಲಿತವ್ರು, ಪಿಯಾನೋ ಓದ್ತಿದ್ದಾಗ ಮಣಿಕಟ್ಟಿನ ನರದ ತೊಂದರೆ ಬಂದು ಪಿಯಾನೋ ಅಥವಾ ಜಾದು ಎರಡರಲ್ಲಿ ಒಂದು ಆರಿಸ್ಬೇಕಾಗಿ ಬಂತು. 2015ರಲ್ಲಿ ಇಟಲಿಯ ರಿಮಿನಿಯಲ್ಲಿ ನಡೆದ ಜಾದೂಗಾರರ ವಿಶ್ವ ಸ್ಪರ್ಧೆ ಫಿಸ್ಮ್‌ನಲ್ಲಿ ಕಾರ್ಡ್ ವಿಭಾಗ ಗೆದ್ರು, 2018ರಲ್ಲಿ ಅಮೆರಿಕಾಸ್ ಗಾಟ್ ಟ್ಯಾಲೆಂಟ್ ಅನ್ನೋ ಟಿವಿ ಸ್ಪರ್ಧೆ ಗೆದ್ರು, 2019ರಲ್ಲಿ ಅದರ ಚಾಂಪಿಯನ್ಸ್ ಸೀಸನ್ನೂ ಗೆದ್ರು, ಆಮೇಲೆ ಲಾಸ್ ವೇಗಸ್‌ನಲ್ಲಿ ತಮ್ಮದೇ ಶೋ. ಅವ್ರ ಆಕ್ಟ್ ಲಾವಂದ್‌ಗೆ ಪೂರ್ತಿ ಉಲ್ಟಾ, ಬಾಯಿಯೇ ಬಿಡಲ್ಲ, ಮ್ಯೂಸಿಕ್ ಹಾಕ್ಕೊಂಡು ಎಲೆಗಳನ್ನ ಹೊಗೆಯ ಹಾಗೆ ಮಾಯ ಮಾಡ್ತಾರೆ. ಆದ್ರೆ ಒಳಗಡೆ ರಚನೆ ನೋಡಿದ್ರೆ ಹತ್ರದ ಸಂಬಂಧ ಇದೆ. ಪಿಯಾನೋ ಕಲಿತವ್ನಿಗೆ ಎಲೆಯ ಚಲನೆಯನ್ನ ಸ್ವರಕ್ಕೆ ಹೊಂದಿಸೋದು ಬರ್ತಿತ್ತು, ಲಾವಂದ್ ಅದನ್ನ ವಾಕ್ಯಕ್ಕೆ ಹೊಂದಿಸಿದ್ರು. ಇಬ್ರಿಗೂ ಹೊಸ ಮಾಧ್ಯಮ ಬೆಳೀತಿರೋ ಹೊತ್ತಲ್ಲೇ ತಮ್ಮ ಸರಕು ತಯಾರಿತ್ತು.

ಈ ಕೇಸಿಂದ ಎಲ್ಲವನ್ನೂ ಎಲ್ಲರೂ ಎತ್ಕೊಳೋಕಾಗಲ್ಲ ಅನ್ನೋದನ್ನೂ ಹೇಳ್ಬೇಕು. ಲಾವಂದ್ ಮಾಡಿದ್ರು ಅಂತ ಎರಡು ಕೈ ಇರೋ ಹುಡುಗರು ಒಂದು ಕೈ ಜೇಬಲ್ಲಿಟ್ಕೊಂಡು ನೀರು ಎಣ್ಣೆ ಮಾಡೋ ವಿಡಿಯೋ ನೋಡಿದ್ದೀನಿ, ಗೌರವದಿಂದಲೇ ಮಾಡಿರ್ತಾರೆ, ಆದ್ರೆ ಅದು ಸಾಹಸ ಪ್ರದರ್ಶನ ಆಗತ್ತೆ. ನಿಧಾನವಾಗಿ ಮಾತಾಡಿದ್ರೆ ಸಾಕು ಅಂದ್ಕೊಂಡವ್ರೂ ಇದ್ದಾರೆ, ನಿಧಾನ ಅನ್ನೋದು ಅವ್ರ ಹತ್ರ ಬರೀ ಬೋರ್ ಆಗ್ಬಿಡತ್ತೆ, ಯಾಕಂದ್ರೆ ಕೆಳಗೆ ಆ ಕೈಯ ಪಳಗಿಕೆ ಇಲ್ಲ. ಐದು ಬೆರಳು ಸಂಪೂರ್ಣ ಹತೋಟಿಗೆ ಬಂದ ಮೇಲಷ್ಟೇ ನಿಧಾನ ಮಾಡೋ ಸ್ವಾತಂತ್ರ್ಯ ಸಿಗೋದು. ತೆಗೆದುಕೊಳ್ಳಬಹುದಾಗಿದ್ದು ಅವ್ರು ಪ್ರಶ್ನೆ ಕೇಳಿದ ಕ್ರಮ, ನನ್ನ ಹತ್ರ ಇರೋದ್ರಲ್ಲಿ ಈ ಟ್ರಿಕ್ ನೋಡೋರಿಗೆ ಹೆಂಗೆ ಕಾಣ್ಬೇಕು, ಅದಕ್ಕೆ ಯಾವ್ದು ಬೇಡ ಅಂತ ಕೇಳ್ಕೊಂಡು ಹಿಂದಕ್ಕೆ ಬರೋದು. ಅದು ಕೈ ಎಷ್ಟಿದೆ ಅನ್ನೋದ್ರ ಮೇಲೆ ನಿಂತಿಲ್ಲ.

ಹೆಸರು ಬಂದ್ಮೇಲೂ ಅವ್ರು ತಾಂದಿಲ್ ಬಿಡ್ಲಿಲ್ಲ. ಜಗತ್ತು ಸುತ್ತಿ ವಾಪಸ್ ಅಲ್ಲಿಗೇ ಬರ್ತಿದ್ರು, ಕಲಿಯೋರು ಅಲ್ಲಿಗೇ ಹುಡುಕ್ಕೊಂಡು ಹೋಗ್ತಿದ್ರು. ಗುರು ಇಲ್ದೆ ಕಲಿತವ್ರು ಗುರು ಆದ್ರು, ಬಂದವ್ರು ಬಹುಪಾಲು ಎರಡು ಕೈ ಇರೋರು, ತಮ್ಮ ಬೆರಳಿನ ತಂತ್ರವನ್ನ ಹಾಗೇ ಕಲಿಸೋದ್ರಲ್ಲಿ ಅರ್ಥ ಇರ್ಲಿಲ್ಲ, ಹಾಗಾಗಿ ಕಲಿಯೋಕೆ ಬಂದವ್ರಿಗೆ ಸಿಕ್ಕಿದ್ದು ತಾಳ, ಮೌನ, ಮಾತು ಇವುಗಳ ಪಾಠ. 2002ರಲ್ಲಿ ಅರ್ಜೆಂಟೀನಾದ ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ರು, 2013ರಲ್ಲಿ ಅವ್ರ ಮೇಲೇ ಒಂದು ಸಾಕ್ಷ್ಯಚಿತ್ರ ಬಂತು. 2015ರ ಫೆಬ್ರವರಿ 7ರಂದು ತಾಂದಿಲ್‌ನಲ್ಲೇ ತೀರ್ಕೊಂಡ್ರು, ವಯಸ್ಸು 86.

ನೀರು ಎಣ್ಣೆಯ ರೆಕಾರ್ಡಿಂಗ್‌ಗಳು ಸುಲಭವಾಗಿ ಸಿಗತ್ತೆ, ಕಲಿಯೋ ಆಸಕ್ತಿ ಇರೋರು ಎರಡು ಸಲ ನೋಡಿ. ಮೊದಲ ಸಲ ಸೌಂಡ್ ತೆಗೆದು ಕೈಯನ್ನ ಮಾತ್ರ ನೋಡಿ, ಎಲೆ ಟೇಬಲ್ ಮುಟ್ಟೋ ಹೊತ್ತಿಗೆ ಹೆಬ್ಬೆರಳು ಎಲ್ಲಿರತ್ತೆ, ಕೈ ಯಾವಾಗ ಸುಮ್ನೆ ನಿಲ್ಲತ್ತೆ ಅಂತ. ಎರಡನೇ ಸಲ ಸೌಂಡ್ ಹಾಕಿ, ಸ್ಪ್ಯಾನಿಶ್ ಬರ್ದಿದ್ರೂ ಪರವಾಗಿಲ್ಲ, ದನಿ ಎಲ್ಲಿ ಇಳಿಯತ್ತೆ, ಯಾವಾಗ ತಲೆ ಎತ್ತಿ ನಿಮ್ಮನ್ನ ನೋಡ್ತಾರೆ ಅಂತ ಗಮನಿಸಿ, ಆ ಜಾಗಗಳನ್ನ ಒಂದು ಹಾಳೆಯಲ್ಲಿ ಗುರ್ತು ಹಾಕಿಟ್ಕೊಳ್ಳಿ, ಆಮೇಲೆ ನೀವು ಮಾಡೋ ಯಾವ್ದಾದ್ರೂ ಒಂದು ಟ್ರಿಕ್ ತಗೊಂಡು ಅದ್ರಲ್ಲಿ ನಿಮ್ಮ ಮಾತು ಎಲ್ಲಿ ನಿಲ್ಲತ್ತೆ ಅಂತ ಹಾಗೇ ಗುರ್ತು ಹಾಕಿ ಪಕ್ಕಪಕ್ಕ ಇಟ್ಟು ನೋಡಿ.